ಸಮುದ್ರಯಾನಗ್ರಂಥಗಳ ತಾಮ್ರಚಿತ್ರಗಳೂ ಅವುಗಳ ಪ್ರಾಮಾಣ್ಯವೂ

ಶಾಸನವನ್ನು ಪರಿಶೀಲಿಸುವ ವಿದ್ವಾಂಸರು ಅದನ್ನು ರಚಿಸಿದ ಕವಿ, ಬರೆದ ಲಿಪಿಕಾರ, ಕಂಡರಿಸಿದ ರೂವಾರಿ ಇವರ ಕೈಗಳನ್ನು ಬೇರೆ ಬೇರೆಯಾಗಿ ಗುರುತಿಸುವುದುಂಟು. ಹದಿನೆಂಟನೆಯ ಶತಮಾನದ ಐರೋಪ್ಯ ಸಮುದ್ರಯಾನಗ್ರಂಥಗಳಲ್ಲಿ ದೂರದ್ವೀಪಗಳ ತೀರಗಳನ್ನು ತೋರಿಸುವ ಮುದ್ರಿತ ಚಿತ್ರಗಳಿಗೂ ಇದೇ ವಿವೇಚನೆ ಅವಶ್ಯಕ. ಅವು ಕಂಡವನ ಸಾಕ್ಷ್ಯವೊಂದೇ ಅಲ್ಲ. ಕೆತ್ತಿದವನ ಕೈವಾಡವೂ ಅವುಗಳಲ್ಲಿ ಬೆರೆತಿದೆ.

ಕ್ಯಾಪ್ಟನ್ ಜೇಮ್ಸ್ ಕುಕ್ಕನ ಎರಡನೆಯ ಯಾನವು (೧೭೭೨–೧೭೭೫) ಇದಕ್ಕೆ ಉತ್ತಮ ನಿದರ್ಶನ. ಬ್ರಿಟಿಷ್ ನೌಕಾಡಳಿತವು ವಿಲಿಯಂ ಹಾಡ್ಜಸ್ ಎಂಬ ಚಿತ್ರಕಾರನನ್ನು 'ರೆಸಲ್ಯೂಷನ್' ಹಡಗಿನಲ್ಲಿ ಕಳುಹಿಸಿತು. ಬರಿಯ ಮಾತಿನ ವರ್ಣನೆಗಿಂತ ಸ್ಫುಟವಾದ ತಿಳಿವನ್ನು ಚಿತ್ರಗಳು ಕೊಡಬೇಕೆಂಬುದು ಅದರ ಉದ್ದೇಶ. ಹಡಗಿನಿಂದ ಕಂಡ ತೀರದ ಹೊರಗೆರೆಯನ್ನು ಬರೆಯುವುದು ನಾವಿಕರ ಪರಂಪರಾಗತ ವಿದ್ಯೆ. ಮುಂದೆ ಬರುವ ಹಡಗಿನವರು ಆ ಗೆರೆಯಿಂದಲೇ ಸ್ಥಳವನ್ನು ಗುರುತಿಸಬೇಕಾಗಿದ್ದುದರಿಂದ ಅಲ್ಲಿ ಅಲಂಕಾರಕ್ಕೆ ಎಡೆಯಿರಲಿಲ್ಲ. ಹಾಡ್ಜಸನು ಇದಕ್ಕೆ ಬೆಳಕು, ಮೋಡ, ಮಳೆಗಳ ಪ್ರತ್ಯಕ್ಷಾನುಭವವನ್ನು ಕೂಡಿಸಿದನು.

೧೭೭೭ರಲ್ಲಿ ಯಾನವೃತ್ತಾಂತವು ಲಂಡನ್ನಿನಲ್ಲಿ ಅಚ್ಚಾದಾಗ ಈ ಚಿತ್ರಗಳು ತಾಮ್ರಫಲಕಕ್ಕೆ ಏರಿದುವು. ಅಲ್ಲಿ ವರ್ಣವಿಲ್ಲ, ಬೆಳಕುನೆರಳುಗಳೆಲ್ಲವೂ ಗೆರೆಗಳ ದಟ್ಟಣೆಯಿಂದಲೇ ಮೂಡಬೇಕು. ೧೭೭೩ರ ಅಕ್ಟೋಬರಿನಲ್ಲಿ ಕುಕ್ಕನು ಟೊಂಗ ಸಮೂಹದ 'ಎಉಅ' ದ್ವೀಪದಲ್ಲಿ ಇಳಿದ ಸನ್ನಿವೇಶವನ್ನು ಶೆರ್ವಿನ್ ಎಂಬವನು ಕೆತ್ತಿದನು. ಆ ಫಲಕದಲ್ಲಿ ದ್ವೀಪವಾಸಿಗಳು ಗ್ರೀಕ್ ವಿಗ್ರಹಗಳ ಮುಖಲಕ್ಷಣವನ್ನೂ ನೆರಿಗೆಯುಡುಗೆಯನ್ನೂ ತಳೆದು ನಿಂತಿದ್ದಾರೆ. ಅದೇ ಯಾನದಲ್ಲಿದ್ದ ಜಾರ್ಜ್ ಫಾರ್ಸ್ಟರನು ಅದೇ ವರ್ಷ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಆಕ್ಷೇಪಿಸಿದನು. ಸ್ಥಳದಲ್ಲಿ ಬರೆದುದು ಕಳೆದುಹೋಗಿ, ಚಿತ್ರಕಾರನು ಸ್ವಕಲ್ಪನೆಯಿಂದಲೇ ಕೊರತೆಯನ್ನು ತುಂಬಿರಬೇಕೆಂಬುದು ಅವನ ಊಹೆ. ಆದುದರಿಂದ ದೋಷವನ್ನೆಲ್ಲ ರೂವಾರಿಯ ಮೇಲೆಯೇ ಹೊರಿಸುವಂತಿಲ್ಲ.

ಇದು ಬರಿಯ ಕಲಾವಿಮರ್ಶೆಯ ಮಾತಲ್ಲ. ಪರದೇಶದವರು ಕಾಲಿರಿಸಿದುದು ಪುರಾತನ ಕಾವ್ಯದ ಸತ್ಕಾರಪ್ರಸಂಗದಂತೆ ಕಾಣುವಾಗ, ಆ ನೆಲದವರ ನಿಜವಾದ ಮುಖವೇ ಮರೆಯಾಗುತ್ತದೆ. ೧೭೭೪ರ ಆಗಸ್ಟಿನಲ್ಲಿ ಎರೊಮಾಂಗ ದ್ವೀಪದ ತೀರದಲ್ಲಿ ಕುಕ್ಕನ ಕಡೆಯವರು ಗುಂಡು ಹಾರಿಸಿದ ಘರ್ಷಣೆಯನ್ನೂ ಅದೇ ಶೆರ್ವಿನ್ನನು ಕೆತ್ತಿದನು. ಎರಡು ಫಲಕಗಳನ್ನೂ ಒಟ್ಟಿಗೆ ಇಟ್ಟು ನೋಡತಕ್ಕುದು.

ಹಾಡ್ಜಸನು ೧೭೮೦ರಲ್ಲಿ ಮದರಾಸಿಗೆ ಬಂದನು. ಹೈದರಾಲಿಯ ದಂಡಯಾತ್ರೆಯಿಂದ ಒಳನಾಡಿನ ಸಂಚಾರವು ಅಸಾಧ್ಯವಾಗಿ, ಮರುವರ್ಷ ಬಂಗಾಳಕ್ಕೆ ತೆರಳಿದನು. ೧೭೮೫ರಿಂದ ೧೭೮೮ರವರೆಗೆ ಪ್ರಕಟವಾದ ತನ್ನ ಭಾರತದೃಶ್ಯಗಳ ೪೮ ಫಲಕಗಳನ್ನು ಆಮ್ಲದಿಂದ ತಾಮ್ರವನ್ನು ಕೊರೆಯುವ ವಿಧಾನದಲ್ಲಿ ತಾನೇ ಸಿದ್ಧಪಡಿಸಿದನು. ಇಲ್ಲಿ ಕಂಡವನೂ ಕೆತ್ತಿದವನೂ ಒಬ್ಬನೇ. ಆದರೂ ಯಾವುದನ್ನು ಕಾಣಿಸಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿದ ಕಣ್ಣು ಬಂದವನದೇ ಹೊರತು ನೆಲದವನದಲ್ಲ. ಯಾತ್ರಾಸಾಹಿತ್ಯವನ್ನು ಪಾಠ ಹೇಳುವವರು ಗ್ರಂಥದ ಮಾತಿನಂತೆಯೇ ಅದರ ಚಿತ್ರವನ್ನೂ ಪಾಠವೆಂದು ಎಣಿಸಿ, ಪಾಠಶೋಧನೆಗೆ ಒಳಪಡಿಸಿದ ಮೇಲೆಯೇ ಪ್ರಮಾಣವಾಗಿ ಸ್ವೀಕರಿಸುವುದು ಯುಕ್ತ.