ನಾಯಿ ಎಲ್ಲಿ ನೆಕ್ಕುತ್ತಿದೆ ಅಂತ ಮೊದಲು ನೋಡಿ

ಈ ವಾರ ಬೆಳೆ ವಿಷಯ ಇಲ್ಲ. ಜೀವಾಮೃತ, ಟ್ರೈಕೋಡರ್ಮಾ ಎಲ್ಲ ಮುಂದಿನ ವಾರಕ್ಕೆ ಇರಲಿ. ತೋಟ ಕಾಯುವ ನಾಯಿ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು. ಹಸು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟ್ರಿಗೆ ಫೋನ್ ಮಾಡ್ತೀವಿ. ನಾಯಿ ಹದಿನೈದು ದಿನ ಒಂದೇ ಜಾಗ ನೆಕ್ಕುತ್ತಾ ಕೂತಿದ್ದರೂ "ನಾಯಿ ಅಲ್ವಾ, ನೆಕ್ಕುತ್ತೆ ಬಿಡು" ಅಂತ ಮುಂದೆ ಹೋಗ್ತೀವಿ. ನಾನೂ ಹಾಗೆ ಮುಂದೆ ಹೋದವನೇ.

ನಮ್ಮ ತೆಂಗಿನ ತೋಟದಲ್ಲಿ ಕೆಂಪಿ ಅಂತ ಒಂದು ನಾಟಿ ನಾಯಿ ಇದೆ. ಕೋತಿ ಓಡಿಸೋದು, ರಾತ್ರಿ ಹಂದಿ ಬಂದರೆ ಬೊಗಳಿ ಎಬ್ಬಿಸೋದು ಎಲ್ಲ ಅದರದ್ದೇ ಕೆಲಸ. ಎರಡು ವರ್ಷದ ಹಿಂದೆ ಒಂದು ದಿನ ಹಿಂಭಾಗವನ್ನು ಪದೇ ಪದೇ ನೆಕ್ಕೋಕೆ ಶುರು ಮಾಡ್ತು. ಬೆದೆ ಮುಗಿದು ಒಂದೂವರೆ ತಿಂಗಳಾಗಿತ್ತು. ಮೈ ಶುಚಿ ಮಾಡ್ಕೊಳ್ತಿದೆ ಅಂದುಕೊಂಡೆ. ನಾಲ್ಕನೇ ದಿನ ಅಮ್ಮ ಕರೆದು, "ಏನೋ ಇದು, ಬೆಳಗ್ಗೆಯಿಂದ ಮೂರು ಸಲ ಬೋಗುಣಿಗೆ ನೀರು ಹಾಕಿದೀನಿ, ಕುಡೀತಾನೇ ಇದೆ. ಮುದ್ದೆ ಮಾತ್ರ ಮುಟ್ಟಿಲ್ಲ" ಅಂದರು. ಆಗ ಬಾಲ ಎತ್ತಿ ನೋಡಿದೆ. ತೊಡೆಗೆಲ್ಲ ಕೀವು ಅಂಟಿತ್ತು, ಕೆಟ್ಟ ವಾಸನೆ.

ತಾಲೂಕಿನ ಪಶು ಆಸ್ಪತ್ರೆಯಲ್ಲಿ ಡಾಕ್ಟ್ರು ಮೊದಲು ಕೇಳಿದ್ದು, "ಬೆದೆಗೆ ಬಂದು ಎಷ್ಟು ದಿನ ಆಯ್ತು?" ಅಂತ. ಅದಕ್ಕೆ ಪಯೋಮೆಟ್ರಾ ಅಂತ ಹೆಸರು, ಅಂದ್ರೆ ಗರ್ಭಕೋಶದೊಳಗೆ ಕೀವು ತುಂಬೋದು. ಸಂತಾನಹರಣ ಆಪರೇಷನ್ ಮಾಡಿಸದ ಹೆಣ್ಣು ನಾಯಿಗಳಲ್ಲಿ, ಸಾಮಾನ್ಯವಾಗಿ ಬೆದೆ ಆದ ಒಂದೆರಡು ತಿಂಗಳೊಳಗೆ ಬರುತ್ತೆ. ಅವತ್ತೇ ಗರ್ಭಕೋಶ ತೆಗೆಯೋ ಆಪರೇಷನ್ ಆಯ್ತು, ಕೆಂಪಿ ಉಳೀತು. ಇನ್ನೆರಡು ದಿನ ಬಿಟ್ಟಿದ್ದರೆ ನಂಜೇರಿ ಹೋಗ್ತಿತ್ತು ಅಂದರು. ನುಸಿ ಇದೆಯಾ ಅಂತ ಮೆಣಸಿನ ಎಲೆಯನ್ನು ದಿನಾ ಮಗುಚಿ ನೋಡೋ ನಾನು, ನಾಯಿ ಬಾಲ ಎತ್ತಿ ನೋಡೋಕೆ ನಾಲ್ಕು ದಿನ ತಗೊಂಡೆ.

ಎಲ್ಲಾ ನೆಕ್ಕೋದೂ ಕಾಯಿಲೆ ಅಲ್ಲ. ಉಂಡಾದ ಮೇಲೆ, ಮಳೆಯಲ್ಲಿ ನೆನೆದು ಬಂದಾಗ, ಕೆಸರು ಮೆತ್ತಿದಾಗ, ಮಲಗೋಕೆ ಮುಂಚೆ ಐದು ನಿಮಿಷ ಮೈ ನೆಕ್ಕೋದು ನಾಯಿಯ ಸ್ವಭಾವ. ಹೆಸರು ಹಿಡಿದು ಕೂಗಿದರೆ ಬಿಟ್ಟು ಎದ್ದು ಬರುತ್ತೆ. ಅದು ಸರಿ. ಕರೆದರೂ ಬಿಡದೆ ಒಂದೇ ಜಾಗ ನೆಕ್ಕುತ್ತಿದ್ದರೆ, ನಿದ್ದೆಯಿಂದ ಎದ್ದು ನೆಕ್ಕುತ್ತಿದ್ದರೆ, ಕೂದಲು ಉದುರಿ ಚರ್ಮ ಕೆಂಪಾಗಿದ್ದರೆ, ಅಲ್ಲಿ ಏನೋ ಇದೆ. ಬಿಳಿ ನಾಯಿ ಆದರೆ ನೆಕ್ಕಿದ ಜಾಗದ ಕೂದಲು ತುಕ್ಕು ಬಣ್ಣಕ್ಕೆ ತಿರುಗಿರುತ್ತೆ. ಅದು ಎಂಜಲಿನ ಕಲೆ. ಅದನ್ನು ನೋಡಿದರೆ ನೀವಿಲ್ಲದಾಗ ಎಷ್ಟು ನೆಕ್ಕಿದೆ ಅಂತ ಗೊತ್ತಾಗುತ್ತೆ.

ತೋಟದ ನಾಯಿಗೆ ಅತಿ ಹೆಚ್ಚು ತೊಂದರೆ ಪಾದದಲ್ಲೇ. ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ ಮುಳ್ಳು, ಉತ್ತರಾಣಿ ಬೀಜ, ಒಣ ಹುಲ್ಲಿನ ಚೂಪು ತೆನೆ ಇವೆಲ್ಲ ಬೆರಳ ಸಂದಿಯಲ್ಲಿ ಸೇರ್ಕೊಳ್ತವೆ. ಹುಲ್ಲಿನ ತೆನೆ ಬರೀ ಚುಚ್ಚಿ ನಿಲ್ಲಲ್ಲ, ಅದರ ಗರಗಸದಂಥ ಅಂಚಿನಿಂದ ಚರ್ಮದೊಳಗೆ ಮುಂದೆ ಮುಂದೆ ಸಾಗುತ್ತೆ, ಹಿಂದೆ ಬರಲ್ಲ. ಮೇಲೆ ಒಂದು ಸಣ್ಣ ಗುಳ್ಳೆ ಅಷ್ಟೇ ಕಾಣುತ್ತೆ. ಒಂದೇ ಪಾದ ನೆಕ್ಕುತ್ತಿದ್ದರೆ ಮೊಬೈಲ್ ಟಾರ್ಚ್ ಹಾಕಿ ಬೆರಳು ಬಿಡಿಸಿ ನೋಡಿ. ತುದಿ ಕಂಡರೆ ಚಿಮಟದಲ್ಲಿ ನಿಧಾನ ಎಳೆಯಿರಿ. ಒಳಗೆ ಹೋಗಿದ್ದರೆ ಬ್ಲೇಡು, ಸೂಜಿ ಹಿಡಿಯಬೇಡಿ, ಡಾಕ್ಟ್ರು ತೆಗೀಲಿ. ನಾಲ್ಕೂ ಪಾದ ನೆಕ್ಕುತ್ತಿದ್ದರೆ ಮುಳ್ಳಲ್ಲ. ಅಲರ್ಜಿ ಇರಬಹುದು, ಮಳೆಗಾಲದಲ್ಲಿ ಪಾದ ಸದಾ ಒದ್ದೆ ಇದ್ದು ಶಿಲೀಂಧ್ರ ಹತ್ತಿರಬಹುದು, ಇಲ್ಲಾ ಗದ್ದೆಯಲ್ಲಿ ಔಷಧಿ ತುಳಿದಿರಬಹುದು.

ಬಾಲದ ಬುಡ, ಸೊಂಟದ ಹತ್ತಿರ ಕಚ್ಚಿ ಕಚ್ಚಿ ನೆಕ್ಕಿದರೆ ಹೆಚ್ಚಾಗಿ ಚಿಗಟ. ಕೂದಲು ಬಾಚಿ, ಉದುರಿದ ಕರೀ ಪುಡಿಯನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಹಾಕಿ. ಕೆಂಪಗೆ ಹರಡಿದರೆ ಅದು ಮಣ್ಣಲ್ಲ, ಚಿಗಟ ಕುಡಿದ ರಕ್ತದ ಹಿಕ್ಕೆ. ಉಣ್ಣೆಯನ್ನು ಇನ್ನೂ ಹಗುರವಾಗಿ ತಗೋಬೇಡಿ. ನಾಯಿಗೆ ಅದರಿಂದ ರಕ್ತದ ಕಾಯಿಲೆ ಬರುತ್ತೆ. ಉಣ್ಣೆ ಇರುವ ನಾಯಿ ಮಂಕಾಗಿ, ಜ್ವರ ಬಂದು, ಒಸಡು ಬಿಳುಚಿಕೊಂಡರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅವತ್ತೇ ತೋರಿಸಿ.

ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಹೋಗಿ ಮತ್ತೆ ನೆಕ್ಕಿದರೆ ನಮ್ಮ ಕಡೆ ಜಂತುಹುಳು ಅಂತಾರೆ. ಇರಬಹುದು. ಆದರೆ ಗುದದ ಪಕ್ಕದ ಎರಡು ಗ್ರಂಥಿ ಕಟ್ಟಿಕೊಂಡರೂ ಹೀಗೇ ಮಾಡುತ್ತೆ. ಜನನಾಂಗದಿಂದ ಹನಿ ಹನಿ ರಕ್ತ ಬರ್ತಾ ಇದ್ದು ಅದನ್ನೇ ನೆಕ್ಕುತ್ತಿದ್ದರೆ, ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡುವ ಗಡ್ಡೆ ಇರಬಹುದು. ಬೀದಿ ತಿರುಗುವ ನಾಯಿಗಳಲ್ಲಿ ಇದು ಸಾಮಾನ್ಯ. ಹೆಸರು ಕ್ಯಾನ್ಸರ್ ಗಡ್ಡೆ ಆದರೂ ವಾರಕ್ಕೊಂದು ಇಂಜೆಕ್ಷನ್‌ನಂತೆ ಕೆಲವು ವಾರ ಕೊಡಿಸಿದರೆ ಬಹುತೇಕ ವಾಸಿಯಾಗುತ್ತೆ. ಗಂಡು ನಾಯಿ ಕಾಲೆತ್ತಿ ತಿಣುಕುತ್ತಾ ಮೂತ್ರ ಬಾರದೆ ಅಲ್ಲೇ ನೆಕ್ಕುತ್ತಿದ್ದರೆ ನಾಳೆ ಅನ್ನಬೇಡಿ, ಕಲ್ಲು ಅಡ್ಡ ಸಿಕ್ಕಿರಬಹುದು. ವಯಸ್ಸಾದ ನಾಯಿ ಮಣಿಕಟ್ಟು, ಸೊಂಟ ನೆಕ್ಕೋದು ಗಂಟುನೋವಿಗೂ ಇರಬಹುದು. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿ ಹಾಕಿದ ನಾಯಿ ಬರೀ ಬೇಜಾರಿಗೆ ಮುಂಗಾಲು ನೆಕ್ಕಿ ನೆಕ್ಕಿ ಗಾಯ ಮಾಡ್ಕೊಳ್ಳೋದೂ ಉಂಟು. ಅದಕ್ಕೆ ಮುಲಾಮು ಬೇಡ, ಸರಪಳಿ ಬಿಚ್ಚಿ.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ನಾಯಿ ಮೈಗೆ ನೀವು ಏನು ಹಚ್ಚಿದರೂ ಅದು ಹೊಟ್ಟೆಗೆ ಹೋಗುತ್ತೆ, ಯಾಕಂದ್ರೆ ಅದು ನೆಕ್ಕುತ್ತೆ. ಕಜ್ಜಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯೋದು, ಹುಳು ಬಿದ್ದ ಗಾಯಕ್ಕೆ ಟರ್ಪೆಂಟೈನ್ ಸುರಿಯೋದು, ಎಣ್ಣೆಯಲ್ಲಿ ಕರ್ಪೂರ ಕಲಸಿ ಹಚ್ಚೋದು, ಉಣ್ಣೆಗೆ ದನದ ಔಷಧಿಯನ್ನೋ ಬೆಳೆಗೆ ಹೊಡೆಯುವ ಕೀಟನಾಶಕವನ್ನೋ ಅಂದಾಜಿಗೆ ಬಳಿಯೋದು ಎಲ್ಲ ಊರಲ್ಲೂ ಇದೆ. ಉಣ್ಣೆ ಸಾಯುತ್ತೆ, ಕೆಲವು ಸಲ ನಾಯಿಯೂ ಸಾಯುತ್ತೆ. ಸಾವಯವ ಆದ್ದರಿಂದ ಪರವಾಗಿಲ್ಲ ಅನ್ನೋ ನಂಬಿಕೆ ನನಗೂ ಇತ್ತು. ಕೆಂಪಿ ಮೈಗೆ ಒಮ್ಮೆ ಬೇವಿನೆಣ್ಣೆಯನ್ನು ಹಾಗೇ ತಿಕ್ಕಿ, ರಾತ್ರಿಯೆಲ್ಲ ಜೊಲ್ಲು ಸುರಿಸಿ ವಾಂತಿ ಮಾಡೋದನ್ನು ಕೂತು ನೋಡಿದೆ. ಬೋರ್ಡೋ ದ್ರಾವಣವೂ ಮೈಲುತುತ್ತವೇ, ಮರೀಬೇಡಿ. ಅಡಿಕೆಗೆ ಹೊಡೆಯುವ ದಿನ ನಾಯಿಯನ್ನು ಮನೆಯಲ್ಲೇ ಇರಿಸಿ.

ಔಷಧಿ ಹೊಡೆದ ಹೊಲದಿಂದ ಬಂದ ನಾಯಿ ಮೈ ನೆಕ್ಕಿ, ಜೊಲ್ಲು ಸುರಿಸುತ್ತಾ ನಡುಗಿದರೆ, ಭೇದಿ ಆಗಿ ಉಸಿರಿಗೆ ಕಷ್ಟಪಟ್ಟರೆ ವಿಷ ಅಂತಲೇ ತಿಳೀರಿ. ಗ್ಲೌಸ್ ಹಾಕ್ಕೊಂಡು ಸೋಪು ನೀರಲ್ಲಿ ಬೇಗ ತೊಳೆದು, ಔಷಧಿ ಬಾಟಲಿಯ ಲೇಬಲ್ ಫೋಟೋ ತಗೊಂಡು ಆಸ್ಪತ್ರೆಗೆ ಓಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ. ನಾವು ನುಂಗುವ ಪ್ಯಾರಾಸಿಟಮಾಲ್, ಡೈಕ್ಲೋಫಿನಾಕ್ ಮಾತ್ರೆಯನ್ನು ನಾಯಿಗೆ ಕೊಡಲೇಬೇಡಿ.

"ನಾಯಿ ನೆಕ್ಕಿದರೆ ಗಾಯ ಮಾಯುತ್ತೆ" ಅನ್ನೋ ಮಾತನ್ನೂ ಪೂರ್ತಿ ನಂಬಬೇಡಿ. ಒರಟು ನಾಲಿಗೆ ಮಾಯುತ್ತಿರೋ ಚರ್ಮವನ್ನು ಮತ್ತೆ ಕೀಳುತ್ತೆ, ಬಾಯಿಯ ಬ್ಯಾಕ್ಟೀರಿಯಾ ಒಳಗೆ ಸೇರುತ್ತೆ. ಸಣ್ಣ ಗಾಯಕ್ಕೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ ತೊಳೆದರೆ ಸಾಕು. ನೆಕ್ಕದಂತೆ ಕೊರಳಿಗೆ ಹಾಕುವ ಕೋನ್ ಸಿಗದಿದ್ದರೆ ನಾನು ಮಾಡೋದು ಹೀಗೆ: ನರ್ಸರಿಯ ಪ್ಲಾಸ್ಟಿಕ್ ಕುಂಡದ ತಳ ಕತ್ತರಿಸಿ, ಕತ್ತರಿಸಿದ ಅಂಚಿಗೆ ಸೀಳಿದ ಡ್ರಿಪ್ ಲ್ಯಾಟರಲ್ ಪೈಪ್ ಸಿಕ್ಕಿಸಿ, ಕೊರಳ ಪಟ್ಟಿಗೆ ದಾರದಿಂದ ಕಟ್ಟಿಬಿಡೋದು. ಮೂಗಿನ ತುದಿಗಿಂತ ಸ್ವಲ್ಪ ಮುಂದೆ ಬರುವಷ್ಟು ಉದ್ದ ಇರಲಿ. ಊಟ, ನೀರಿಗೆ ತೊಂದರೆ ಆಗ್ತಿದ್ದರೆ ಆ ಹೊತ್ತಿಗೆ ಬಿಚ್ಚಿ, ಪಕ್ಕದಲ್ಲೇ ನಿಂತಿರಿ.

ರೇಬೀಸ್ ಲಸಿಕೆ ಹಾಕಿಸದ ನಾಯಿ, ಹಿಂದೆ ಎಲ್ಲೋ ಕಚ್ಚಿಸಿಕೊಂಡ ಜಾಗವನ್ನೇ ಹುಚ್ಚೆದ್ದಂತೆ ನೆಕ್ಕಿ ಕಚ್ಚಿಕೊಳ್ತಿದ್ದರೆ, ಸ್ವಭಾವ ಬದಲಾಗಿದ್ದರೆ, ಜೊಲ್ಲು ಸುರೀತಿದ್ದರೆ ಹತ್ತಿರ ಹೋಗಬೇಡಿ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕು ಅಂತ ಬಾಯಿಗೆ ಕೈ ಹಾಕಬೇಡಿ. ಪಶು ಆಸ್ಪತ್ರೆಗೆ ತಿಳಿಸಿ. ಅಂಥ ನಾಯಿ ನಿಮ್ಮ ಕೈಯ ಕುಡುಗೋಲು ಗಾಯವನ್ನು ನೆಕ್ಕಿದ್ದರೆ ಅದು ಕಚ್ಚಿದಷ್ಟೇ ಅಪಾಯ. ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಸಮಯದಲ್ಲಿ ಹಲವು ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕ್ತಾರೆ.

ಡಾಕ್ಟ್ರ ಹತ್ತಿರ ಹೋಗೋ ಮುಂಚೆ ನೆಕ್ಕೋದನ್ನು ಅರ್ಧ ನಿಮಿಷ ವಿಡಿಯೋ ಮಾಡ್ಕೊಳ್ಳಿ. ಆಸ್ಪತ್ರೆ ಬಾಗಿಲಿಗೆ ಹೋದ ಕೂಡಲೇ ನಾಯಿ ಹೆದರಿ ನೆಕ್ಕೋದು ನಿಲ್ಲಿಸಿಬಿಡುತ್ತೆ. ಯಾವತ್ತಿಂದ, ಎಲ್ಲಿ, ಬೆದೆ ಯಾವಾಗ, ಏನೇನು ಹಚ್ಚಿದ್ರಿ ಅಂತ ಮುಚ್ಚಿಡದೆ ಹೇಳಿ. ಬೈಸಿಕೊಂಡರೂ ಪರವಾಗಿಲ್ಲ. 1962 ನಂಬರ್ ಫೋನಲ್ಲಿ ಸೇವ್ ಇರಲಿ, ಪಶು ಆಂಬುಲೆನ್ಸ್‌ನವರು ನಿಮ್ಮ ಕಡೆ ನಾಯಿಗೂ ಬರ್ತಾರಾ ಕೇಳಿಟ್ಟುಕೊಳ್ಳಿ. ಬೈಕಲ್ಲೇ ಹೋಗಬೇಕಾದರೆ ಟೊಮೆಟೊ ಕ್ರೇಟಿಗೆ ಗೋಣಿಚೀಲ ಹಾಸಿ ನಾಯಿಯನ್ನು ಕೂರಿಸಿ, ಹಿಂದೆ ಒಬ್ಬರು ಹಿಡ್ಕೊಂಡಿರಲಿ. ನೋವಲ್ಲಿರೋ ನಾಯಿ ಸಾಕಿದವರನ್ನೂ ಕಚ್ಚುತ್ತೆ. ಮೊದಲು ಮೂತಿಗೆ ಮೆತ್ತನೆ ಬಟ್ಟೆ ಪಟ್ಟಿ ಸುತ್ತಿ ಕಟ್ಟಿ, ವಾಂತಿ ಮಾಡ್ತಿದ್ದರೆ ಅಥವಾ ಏದುಸಿರು ಬಿಡ್ತಿದ್ದರೆ ಮಾತ್ರ ಕಟ್ಟಬೇಡಿ.