ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

(ಮೆಟುಚೆನ್ನಿನಲ್ಲಿ ಕನ್ನಡ ಬಂಧುಗಳ ಮುಂದೆ ಮಾಡಿದ ಉಪನ್ಯಾಸದ ಲಿಖಿತ ರೂಪ)



ಮೆಟುಚೆನ್ ಚಿಕ್ಕ ಊರು. 1900ರಲ್ಲಿ ಪ್ರತ್ಯೇಕ ಬರೋ ಆಗಿ ರೂಪುಗೊಂಡ ಈ ಊರನ್ನು ಎಡಿಸನ್ ಸುತ್ತಲೂ ಬಳಸಿಕೊಂಡಿದೆ. ಜೂನ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವೆಂದರೆ ಇಲ್ಲಿನ ನಮ್ಮ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: ಇನ್ನೆರಡು ತಿಂಗಳು ಮಕ್ಕಳನ್ನು ಎಲ್ಲಿ ಬಿಡುವುದು? ನಮ್ಮ ಬಾಲ್ಯದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಏಪ್ರಿಲ್ ಬಂತೆಂದರೆ ಅಜ್ಜಿಯ ಮನೆ, ಮಾವಿನ ತೋಪು, ಓಣಿಯ ತುಂಬ ಮಕ್ಕಳು. ಆ ಗುಂಪಿನಲ್ಲಿ ಕಾಲು ಸ್ವಾಧೀನವಿಲ್ಲದ ಹುಡುಗನೂ ಇರುತ್ತಿದ್ದ, ಮಾತು ಬಾರದ ಹುಡುಗಿಯೂ ಇರುತ್ತಿದ್ದಳು. ಅವರನ್ನು ಯಾರೂ ಓಡಿಸುತ್ತಿರಲಿಲ್ಲ. ಆದರೆ ಅವರಿಗೆಂದೇ ಒಂದು ಹೆಸರಿತ್ತು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವರು ಮುಟ್ಟಿದರೆ ಯಾರೂ ಔಟಾಗುತ್ತಿರಲಿಲ್ಲ, ಅವರು ಗೆದ್ದರೂ ಗೆಲುವೆನಿಸುತ್ತಿರಲಿಲ್ಲ.

ಇಂದು ನಾವು ಹೇಳಬೇಕೆಂದಿರುವುದು ಆ ಮಕ್ಕಳನ್ನು ಲೆಕ್ಕಕ್ಕೂ ಸೇರಿಸಿಕೊಳ್ಳುವ ಬೇಸಿಗೆ ಶಿಬಿರಗಳ ವಿಷಯ. ಅಂಥ ಶಿಬಿರಗಳು ಹೇಗೆ ಬೆಳೆದವು, ಅವು ಬೆಳೆಯಲು ಎಂಥ ದಾನ ಬೇಕಾಯಿತು, ಅದರಲ್ಲಿ ನಮ್ಮ ಪಾಲೇನು ಎಂಬ ಮೂರು ಮಾತುಗಳನ್ನು ವಿವರಿಸುವೆವು.

ಈ ನಾಡಿನಲ್ಲಿ ದಾನದಿಂದ ಮಕ್ಕಳಿಗೆ ಬೇಸಿಗೆಯನ್ನು ಒದಗಿಸುವ ಪದ್ಧತಿ ಹಳೆಯದು. 1877ರಲ್ಲಿ ಪೆನ್ಸಿಲ್ವೇನಿಯಾದ ಶೆರ್ಮನ್ ಎಂಬ ಹಳ್ಳಿಯ ಪಾದ್ರಿ ವಿಲ್ಲರ್ಡ್ ಪಾರ್ಸನ್ಸ್, ನ್ಯೂಯಾರ್ಕಿನ ಇಕ್ಕಟ್ಟಿನ ವಠಾರಗಳ ಬಡಮಕ್ಕಳನ್ನು ಬೇಸಿಗೆಯಲ್ಲಿ ತಮ್ಮ ಮನೆಗಳಲ್ಲಿ ಇರಿಸಿಕೊಳ್ಳುವಂತೆ ಊರವರನ್ನು ಕೇಳಿಕೊಂಡರು. ಅದೇ ಮುಂದೆ ಫ್ರೆಶ್ ಏರ್ ಫಂಡ್ ಎಂಬ ಸಂಸ್ಥೆಯಾಯಿತು. ಮೊದಲು ಬಂದ ದಾನ ಹಣವಲ್ಲ, ಮನೆಯ ಒಂದು ಮೂಲೆ ಮತ್ತು ಊಟದ ಎಲೆ. ಕಾಲಕ್ರಮೇಣ ಸಂಸ್ಥೆಗೆ ನ್ಯೂಯಾರ್ಕ್ ರಾಜ್ಯದ ಫಿಶ್‌ಕಿಲ್ ಬಳಿ 2,000 ಎಕರೆಗೂ ಮಿಗಿಲಾದ ಜಮೀನು ದೊರೆತು, ಹಲವು ಶಿಬಿರಗಳು ಎದ್ದವು. ಅವುಗಳಲ್ಲಿ ಹಿಡನ್ ವ್ಯಾಲಿ ಎಂಬುದನ್ನು ಅಂಗವೈಕಲ್ಯವುಳ್ಳ ಮಕ್ಕಳೂ ಇಲ್ಲದ ಮಕ್ಕಳೂ ಒಟ್ಟಿಗೆ ಕಳೆಯುವಂತೆ ನಡೆಸಲಾಯಿತು.

ಇನ್ನೊಂದು ಉದಾಹರಣೆ ನಮ್ಮಂಥ ಸಮುದಾಯಗಳಿಗೆ ಹೆಚ್ಚು ಹತ್ತಿರದ್ದು. ಅಮೆರಿಕದ ಯಹೂದ್ಯರು ತಮ್ಮ ಭಾಷೆ, ಹಾಡು, ಆಚರಣೆಗಳನ್ನು ಮಕ್ಕಳಿಗೆ ಕಲಿಸಲು ರಾಮಾ ಎಂಬ ಶಿಬಿರಗಳನ್ನು ನಡೆಸುತ್ತಾರೆ. 1970ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ಲೆನ್ ಸ್ಪೇ ಎಂಬಲ್ಲಿನ ರಾಮಾ ಶಿಬಿರದಲ್ಲಿ ಹರ್ಬ್ ಮತ್ತು ಬಾರ್ಬರಾ ಗ್ರೀನ್‌ಬರ್ಗ್ ದಂಪತಿಗಳು ಬುದ್ಧಿ ಬೆಳವಣಿಗೆಯಲ್ಲಿ ತೊಡಕಿದ್ದ ಮಕ್ಕಳಿಗಾಗಿ 'ಟಿಕ್ವಾ' ಎಂಬ ವಿಭಾಗವನ್ನು ತೆರೆದರು. ಹೀಬ್ರೂ ಭಾಷೆಯಲ್ಲಿ ಟಿಕ್ವಾ ಎಂದರೆ ಭರವಸೆ. ಮುಂದೆ ಬೇರೆ ರಾಮಾ ಶಿಬಿರಗಳಿಗೂ ಅದು ಹರಡಿತು. ಬೆಳೆದ ಮಕ್ಕಳಿಗೆ ಉದ್ಯೋಗ ತರಬೇತಿಯೂ ಸೇರಿತು. ತಮ್ಮ ಭಾಷೆ ಸಂಸ್ಕೃತಿಗಳು ತಮ್ಮ ಎಲ್ಲ ಮಕ್ಕಳಿಗೂ ಸೇರಿದವು ಎಂದು ಆ ಸಮುದಾಯ ಕಂಡುಕೊಂಡಿತು.

ಇನ್ನು ಧನದಾನದ ದೊಡ್ಡ ಕಥೆ. ಚಲನಚಿತ್ರ ನಟ ಪಾಲ್ ನ್ಯೂಮನ್ 1982ರಲ್ಲಿ ಲೇಖಕ ಹಾಚ್ನರ್ ಅವರೊಡನೆ ಸಲಾಡಿಗೆ ಹಾಕುವ ಡ್ರೆಸಿಂಗ್ ಮಾರುವ ಕಂಪನಿಯನ್ನು ಆರಂಭಿಸಿ, ಅದರ ಲಾಭವನ್ನೆಲ್ಲ ದಾನಕ್ಕೆ ಮೀಸಲಿಟ್ಟರು. ಆ ಹಣವೂ ಇತರ ದಾನಿಗಳ ನೆರವೂ ಸೇರಿ 1988ರಲ್ಲಿ ಕನೆಕ್ಟಿಕಟ್‌ನ ಆಶ್‌ಫರ್ಡ್‌ನಲ್ಲಿ ಹೋಲ್ ಇನ್ ದ ವಾಲ್ ಗ್ಯಾಂಗ್ ಕ್ಯಾಂಪ್ ತೆರೆಯಿತು. ಕ್ಯಾನ್ಸರ್, ರಕ್ತದ ಕಾಯಿಲೆ ಮೊದಲಾದ ಗಂಭೀರ ರೋಗವುಳ್ಳ ಮಕ್ಕಳಿಗೆ ಅಲ್ಲಿ ಶುಲ್ಕವೇ ಇಲ್ಲ. ಶಿಬಿರ ಹಳೆಯ ಕೌಬಾಯ್ ಊರಿನಂತಿದೆ; ಅದರ ಆಸ್ಪತ್ರೆಗೆ ಓಕೆ ಕೊರಾಲ್ ಎಂದು ಹೆಸರು. ಔಷಧಿಯ ವಾಸನೆಯಿಂದ ಬೇಸತ್ತ ಮಗುವಿಗೆ ತಾನು ರೋಗಿಯೆಂಬುದು ಮರೆಯಲೆಂಬ ಉಪಾಯವದು. ಬೇಸಿಗೆಯ ಶಿಬಿರಕ್ಕೆ ಮುಂದೆ ಕುಟುಂಬಗಳ ವಾರಾಂತ್ಯ, ರೋಗಿ ಮಕ್ಕಳ ಒಡಹುಟ್ಟಿದವರಿಗಾಗಿ ದಿನಗಳು, ಆಸ್ಪತ್ರೆಗಳಿಗೇ ಹೋಗಿ ಮಕ್ಕಳನ್ನು ಆಡಿಸುವ ಕಾರ್ಯ ಇವೆಲ್ಲ ಕೂಡಿಕೊಂಡವು.

ಆದರೆ ದಾನದ ಕಥೆಗಳೆಲ್ಲ ಹೀಗೆ ಮುಗಿಯುವುದಿಲ್ಲ. ನ್ಯೂಯಾರ್ಕಿನ ಕ್ಯಾಟ್ಸ್‌ಕಿಲ್ ಬೆಟ್ಟಗಳ ಹಂಟರ್ ಎಂಬಲ್ಲಿ 1951ರಲ್ಲಿ ಕ್ಯಾಂಪ್ ಜೆನೆಡ್ ಎಂಬ ಶಿಬಿರ ಆರಂಭವಾಯಿತು. ಅಂಗವೈಕಲ್ಯವುಳ್ಳವರಿಗೇ ಮೀಸಲಾದ ಶಿಬಿರವದು. ಪೋಲಿಯೋದಿಂದ ನಡೆಯಲಾರದೆ ಹೋದ ಜೂಡಿತ್ ಹ್ಯೂಮನ್ ಎಂಬ ಬ್ರೂಕ್‌ಲಿನ್ನಿನ ಹುಡುಗಿ ಅಲ್ಲಿಗೆ ಹೋಗುತ್ತಿದ್ದಳು. ಗಾಲಿಕುರ್ಚಿಯಿಂದ ಬೆಂಕಿಯ ಅಪಾಯವುಂಟೆಂದು ಹೇಳಿ ಆಕೆಯನ್ನು ಶಾಲೆಗೆ ಸೇರಿಸಿಕೊಳ್ಳಲು ಒಪ್ಪಿರಲಿಲ್ಲ. ಶಿಬಿರದಲ್ಲಿ ಮಾತ್ರ ಆಕೆ ಎಲ್ಲರಂತೆ ಒಬ್ಬಳು. 1977ರಲ್ಲಿ, ಸರ್ಕಾರದ ನೆರವು ಪಡೆಯುವ ಸಂಸ್ಥೆಗಳು ಅಂಗವೈಕಲ್ಯದ ಕಾರಣದಿಂದ ಯಾರನ್ನೂ ಹೊರಗಿಡಬಾರದೆಂಬ ಕಾನೂನಿನ ನಿಯಮಗಳಿಗೆ ಸಹಿ ಬೀಳಲೆಂದು ಸ್ಯಾನ್‌ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದಲ್ಲಿ ಮೂರು ವಾರಕ್ಕೂ ಮಿಗಿಲಾಗಿ ಧರಣಿ ನಡೆದಾಗ, ಮುಂದಾಳುಗಳಲ್ಲಿ ಹ್ಯೂಮನ್ ಒಬ್ಬರು. ಜೆನೆಡ್‌ನ ಹಳೆಯ ಗೆಳೆಯರೂ ಜೊತೆಗಿದ್ದರು. ಅದೇ ವರ್ಷ ಹಣದ ಮುಗ್ಗಟ್ಟಿನಿಂದ ಜೆನೆಡ್ ಮುಚ್ಚಿತು. ಮುಂದೆ ಬೇರೊಂದು ಸಂಸ್ಥೆ ಅದೇ ಹೆಸರಿನಲ್ಲಿ ಬೇರೆ ಊರಿನಲ್ಲಿ ಶಿಬಿರವನ್ನು ನಡೆಸಿತು. 2009ರಲ್ಲಿ ಅದೂ ನಿಂತಿತು. 2020ರಲ್ಲಿ ಬಂದ 'ಕ್ರಿಪ್ ಕ್ಯಾಂಪ್' ಎಂಬ ಸಾಕ್ಷ್ಯಚಿತ್ರದಲ್ಲಿ ಈ ಶಿಬಿರದ ಕಥೆಯನ್ನು ನೋಡಬಹುದು. ಒಂದು ದೇಶದ ಕಾನೂನನ್ನು ಬದಲಿಸಿದ ಜನರನ್ನು ಬೆಳೆಸಿದ ಶಿಬಿರವೂ ತನ್ನ ವರ್ಷದ ಖರ್ಚನ್ನು ತೂಗಿಸಲಾರದೆ ಹೋಯಿತೆಂಬುದನ್ನು ನಾವು ಮರೆಯಬಾರದು.

ಏಕೆ ಹೀಗಾಗುತ್ತದೆ? ಮೊದಲು ಕಾನೂನನ್ನು ನೋಡೋಣ. 1990ರ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆಕ್ಟ್ ಪ್ರಕಾರ ಖಾಸಗಿ ಶಿಬಿರಗಳು ಅಂಗವೈಕಲ್ಯದ ಕಾರಣದಿಂದ ಮಗುವನ್ನು ತಿರಸ್ಕರಿಸುವಂತಿಲ್ಲ. ಕಾನೂನು ವಿಧಿಸಿದ ಅನುಕೂಲಗಳ ವೆಚ್ಚವನ್ನು ಆ ಮಗುವಿನ ಶುಲ್ಕಕ್ಕೆ ಸೇರಿಸುವಂತೆಯೂ ಇಲ್ಲ. ಧಾರ್ಮಿಕ ಸಂಸ್ಥೆಗಳು ನಡೆಸುವ ಶಿಬಿರಗಳಿಗೆ ಈ ಭಾಗದಿಂದ ವಿನಾಯಿತಿಯುಂಟು. ಕಟ್ಟಡಗಳಿಗೂ ಅಳತೆಗಳಿವೆ. ಇಳಿಜಾರು ದಾರಿ ಒಂದು ಅಂಗುಲ ಏರಬೇಕಾದರೆ ಹನ್ನೆರಡು ಅಂಗುಲ ಉದ್ದವಿರಬೇಕು. ಎಂದರೆ ಎರಡು ಅಡಿ ಎತ್ತರದ ಜಗಲಿಗೆ 24 ಅಡಿ ದಾರಿ. ಬಾಗಿಲು ತೆರೆದಾಗ 32 ಅಂಗುಲ ಜಾಗ ಸಿಗಬೇಕು. ಹೊಸದಾಗಿ ಕಟ್ಟುವ ಈಜುಕೊಳಕ್ಕೆ ಲಿಫ್ಟ್ ಅಥವಾ ಇಳಿಜಾರಿನ ಪ್ರವೇಶವಿರಬೇಕು.

ಇವೆಲ್ಲ ಒಮ್ಮೆ ಮಾಡಿದರೆ ಮುಗಿಯುವ ಕೆಲಸಗಳು. ದಾನಿಗಳಿಗೂ ಇವು ಪ್ರಿಯವೇ: ಇಳಿಜಾರಿನ ಪಕ್ಕದಲ್ಲಿ ಒಂದು ಫಲಕ, ಫಲಕದಲ್ಲಿ ತಂದೆತಾಯಿಯರ ಹೆಸರು. ಆದರೆ ಮಗುವಿಗೆ ಊಟ ಮಾಡಿಸುವುದು, ಶೌಚಕ್ಕೆ ಕರೆದೊಯ್ಯುವುದು ಮೊದಲಾದ ವೈಯಕ್ತಿಕ ಸೇವೆಯನ್ನು ಇತರ ಮಕ್ಕಳಿಗೆ ನೀಡದಿದ್ದರೆ ಶಿಬಿರ ಒದಗಿಸಲೇಬೇಕೆಂದು ಆ ಕಾನೂನು ಹೇಳುವುದಿಲ್ಲ. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ನಿನ ಮಾನದಂಡದಂತೆ ಹಗಲು ಶಿಬಿರದಲ್ಲಿ 9ರಿಂದ 14 ವರ್ಷದ ಹತ್ತು ಮಕ್ಕಳಿಗೆ ಒಬ್ಬ ಮೇಲ್ವಿಚಾರಕ ಸಾಕು. ಸದಾ ಒಬ್ಬರ ಕೈ ಹಿಡಿದೇ ಇರಬೇಕಾದ ಮಗು ಬಂದಾಗ ಆ ಲೆಕ್ಕ ಸಾಲದು. ಬಾಗಿಲನ್ನು ಕಾನೂನು ತೆರೆಯುತ್ತದೆ. ಒಳಗೆ ಕೈ ಹಿಡಿದು ಕರೆದೊಯ್ಯುವವರ ಸಂಬಳವನ್ನು ಬಹುಮಟ್ಟಿಗೆ ದಾನವೇ ಕೊಡಬೇಕು, ಇಲ್ಲವೇ ಆ ಮಗುವಿನ ತಾಯಿತಂದೆಗಳು ಕೊಡಬೇಕು.

ಒಂದು ಲೆಕ್ಕ ಹಾಕೋಣ. ಎಂಟು ವಾರ, ವಾರಕ್ಕೆ 40 ಗಂಟೆ, ಗಂಟೆಗೆ 16 ಡಾಲರ್ ಎಂದು ಹಿಡಿದರೆ ಒಬ್ಬ ಸಹಾಯಕನಿಗೆ 5,120 ಡಾಲರ್. ಪ್ರತಿ ಬೇಸಿಗೆಯೂ ಇಷ್ಟು ಬೇಕು. ಒಂದು ಲಕ್ಷ ಡಾಲರನ್ನು ಮೂಲಧನವಾಗಿಟ್ಟು ವರ್ಷಕ್ಕೆ ನೂರಕ್ಕೆ ಐದರಂತೆ ಬಳಸಿದರೆ 5,000 ಡಾಲರ್ ದೊರೆಯುತ್ತದೆ. ಎಂದರೆ ಒಂದು ಲಕ್ಷದ ಶಾಶ್ವತ ನಿಧಿಯಿಂದ ಒಂದು ಮಗುವಿನ ಪಕ್ಕದಲ್ಲಿ ಒಬ್ಬ ಮನುಷ್ಯ, ವರ್ಷ ವರ್ಷವೂ. ಇದಕ್ಕೆ ಫಲಕ ಹಾಕಲು ಗೋಡೆಯಿಲ್ಲ.

ನಮ್ಮ ಹಿರಿಯರಿಗೆ ಈ ವಿವೇಕ ಹೊಸದಾಗಿರಲಿಲ್ಲ. ಕರ್ನಾಟಕದ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರುಗಳೊಡನೆ ಕಟ್ಟುಗೊಡಗೆ ಎಂಬ ಮಾತೂ ಬರುತ್ತದೆ. ಕೆರೆಯನ್ನು ಕಟ್ಟಿದ್ದಕ್ಕೆ, ದುರಸ್ತಿಯಲ್ಲಿಟ್ಟದ್ದಕ್ಕೆ ಬಿಟ್ಟುಕೊಟ್ಟ ಭೂಮಿ ಅದು. ಹೂಳೆತ್ತುವ ಬಂಡಿಯ ಖರ್ಚಿಗೂ ದತ್ತಿ ಬಿಟ್ಟವರುಂಟು. ಹೂಳು ತುಂಬಿದ ಕೆರೆ ಕೆರೆಯಲ್ಲವೆಂದು ಅವರು ತಿಳಿದಿದ್ದರು. ಸಹಾಯಕರಿಲ್ಲದ ಶಿಬಿರದ ಇಳಿಜಾರು ದಾರಿಯೂ ಅಂಥದೇ.

ಹಾಗಾದರೆ ನಾವು ಮಾಡಬಹುದಾದುದೇನು? ದಾನ ಕೊಡುವಾಗ ಇಂಥದಕ್ಕೇ ಎಂದು ಕಟ್ಟುಹಾಕುವ ಮೊದಲು, ಕಳೆದ ವರ್ಷ ನಿಮಗೆ ಯಾವುದು ಕಡಿಮೆ ಬಿತ್ತು ಎಂದು ಶಿಬಿರದವರನ್ನು ಕೇಳೋಣ. ನಾವು ದುಡಿಯುವ ಕಂಪನಿಗಳಲ್ಲಿ ನೌಕರರ ದಾನಕ್ಕೆ ಸರಿಸಮನಾಗಿ ಕೊಡುವ ಪದ್ಧತಿಯಿದ್ದರೆ ಆ ಅರ್ಜಿಯನ್ನು ಮರೆಯದೆ ತುಂಬೋಣ. 250 ಡಾಲರ್ ಅಥವಾ ಅದಕ್ಕೆ ಮಿಗಿಲಾದ ಪ್ರತಿ ದಾನಕ್ಕೂ ತೆರಿಗೆ ರಿಯಾಯಿತಿಗಾಗಿ ಲಿಖಿತ ರಸೀದಿ ಪಡೆಯಬೇಕು. ಮಗುವಿಗಾಗಿ ಕಟ್ಟಿದ ಶುಲ್ಕ ದಾನವೆನಿಸದು. ತಾಯಿತಂದೆಗಳಿಬ್ಬರೂ ದುಡಿಯುವ ಮನೆಗಳಲ್ಲಿ ಹಗಲು ಶಿಬಿರದ ವೆಚ್ಚಕ್ಕೆ ಫೆಡರಲ್ ತೆರಿಗೆಯಲ್ಲಿ ಮಕ್ಕಳ ಪಾಲನೆಯ ರಿಯಾಯಿತಿ ಸಿಗಬಹುದು, ರಾತ್ರಿ ತಂಗುವ ಶಿಬಿರಕ್ಕೆ ಸಿಗದು. ಸಾಮಾನ್ಯವಾಗಿ ಇದು 13 ವರ್ಷದೊಳಗಿನ ಮಕ್ಕಳಿಗೆ. ತನ್ನನ್ನು ತಾನು ನೋಡಿಕೊಳ್ಳಲಾಗದ ಅವಲಂಬಿತ ಮಗುವಿಗೆ ಈ ವಯಸ್ಸಿನ ಮಿತಿಯಿಲ್ಲ.

ಕೊನೆಯ ಮಾತು ಹಣದ್ದಲ್ಲ. ನಮ್ಮ ದೀಪಾವಳಿ, ಯುಗಾದಿ ಸಮಾರಂಭಗಳಲ್ಲಿ ನಾವೆಲ್ಲ ಕಂಡಿರುವ ಒಂದು ದೃಶ್ಯವುಂಟು. ಒಳಗೆ ಮಕ್ಕಳ ನಾಟಕ ನಡೆಯುತ್ತಿರುತ್ತದೆ. ಹೊರಗಿನ ಮೊಗಸಾಲೆಯಲ್ಲಿ ತಾಯಿಯೊಬ್ಬಳು ಗದ್ದಲ ತಾಳಲಾರದ ಮಗನ ಕೈ ಹಿಡಿದು ಅತ್ತಿಂದಿತ್ತ ನಡೆಯುತ್ತಿರುತ್ತಾಳೆ. ನಾವು ನಸುನಕ್ಕು ಮುಂದೆ ಹೋಗುತ್ತೇವೆ. ಮರುವರ್ಷ ಆ ಕುಟುಂಬ ಬರುವುದಿಲ್ಲ. ಏಕೆಂದು ನಾವು ಕೇಳುವುದೂ ಇಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಸ್ಥೆಯನ್ನು ಕಟ್ಟಿದ ಎನ್. ಎಸ್. ಹೇಮಾ ಅವರು ಸ್ವತಃ ಪೋಲಿಯೋ ಪೀಡಿತರಾಗಿದ್ದವರು. ಹೊರಗೆ ನಿಂತವರನ್ನು ಒಳಗೆ ಕರೆಯುವ ಕೆಲಸಕ್ಕೆ ನಮ್ಮ ನಾಡಿನಲ್ಲಿಯೇ ಮೇಲ್ಪಂಕ್ತಿಯುಂಟು.

ಆದ್ದರಿಂದ ದೂರದ ಶಿಬಿರಕ್ಕೆ ಚೆಕ್ಕು ಬರೆಯುವುದರೊಡನೆ ಇಲ್ಲಿಯೂ ಆರಂಭಿಸೋಣ. ನಮ್ಮ ಕನ್ನಡ ಕಲಿ ತರಗತಿಯ ಅರ್ಜಿಯಲ್ಲಿ 'ನಿಮ್ಮ ಮಗುವಿಗೆ ಯಾವ ನೆರವು ಬೇಕು?' ಎಂಬ ಒಂದು ಸಾಲು ಇರಲಿ. ಸಭಾಂಗಣದ ಪಕ್ಕದಲ್ಲಿ ಸದ್ದಿಲ್ಲದ ಒಂದು ಕೋಣೆಯಿರಲಿ. ಹೈಸ್ಕೂಲಿನ ನಮ್ಮ ಮಕ್ಕಳಲ್ಲಿ ನಾಲ್ವರು ತರಬೇತಿ ಪಡೆದು ಜೊತೆಗಾರರಾಗಲಿ. ಇದಕ್ಕೆ ತಗಲುವ ವೆಚ್ಚ ಒಂದು ಹಬ್ಬದೂಟದ ಖರ್ಚಿಗಿಂತ ಹೆಚ್ಚಾಗದು. ಮುಂದಿನ ಯುಗಾದಿಗೆ ಆ ತಾಯಿ ಒಳಗೆ ಕುಳಿತು ನಾಟಕ ನೋಡುವಂತಾಗಲಿ. ಆಕೆಯ ಮಗನೂ ಆಟಕ್ಕೆ ಸೇರಲಿ, ಲೆಕ್ಕಕ್ಕೂ ಸೇರಲಿ.