ವಾಕ್ಯ ಎಲ್ಲಿ ನಿಲ್ತೈತಿ?

ಗೋಕಾಕ ಫಾಲ್ಸ್ ನೋಡಿ ಬಂದ ಎರಡನೇ ಇಯತ್ತೆಯ ಮಗುವನ್ನು ಮಾತಾಡಿಸಿದರೆ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ: "ನಿನ್ನಿ ನಾವು ಫಾಲ್ಸಿಗೆ ಹೋಗಿದ್ವಿ ತೂಗುಸೇತುವಿ ಮ್ಯಾಲ ನಡದ್ವಿ ಅದು ಅಳ್ಳಾಡತಿತ್ತು ನನಗ ಅಂಜಿಕಿ ಬಂತು ಅಕ್ಕಗ ಬರಲಿಲ್ಲ ಆಮ್ಯಾಲ ಕರದಂಟು ತಿಂದ್ವಿ". ಲೇಖನ ಚಿಹ್ನೆಗಳ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ. ಮಗು ಹೇಳಿದ್ದನ್ನು ಹೇಳಿದಂತೆಯೇ ಬೋರ್ಡಿನ ಮೇಲೆ ಬರೆದು, ಎಲ್ಲೂ ನಿಲ್ಲದೆ ಒಂದೇ ಓಟದಲ್ಲಿ ಓದಿ ತೋರಿಸಬೇಕು. ಮಕ್ಕಳು ನಗುತ್ತಾರೆ. "ಹಂಗಾರ ಎಲ್ಲಿ ನಿಲ್ಲಸ್ಲಿ?" ಎಂದು ಕೇಳಿದರೆ, ಹೋಗಿದ್ವಿ, ನಡದ್ವಿ, ಬಂತು, ತಿಂದ್ವಿ ಎಂದು ಅವರೇ ಒಂದೊಂದಾಗಿ ಹೇಳುತ್ತಾರೆ. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಆ ತಿಳಿವಳಿಕೆ ಮಗುವಿನ ಕಿವಿಯಲ್ಲಿ ಮೊದಲೇ ಇದೆ. ನಾವು ಕೊಡಬೇಕಾದದ್ದು ಚುಕ್ಕಿಯೊಂದನ್ನೇ.

ಆದರೆ ಎಲ್ಲ ಕ್ರಿಯೆಯೂ ವಾಕ್ಯವನ್ನು ಮುಗಿಸುವುದಿಲ್ಲ. "ಎದ್ದು ಮಾರಿ ತೊಳಕೊಂಡು ಚಾ ಕುಡದು ಸಾಲಿಗಿ ಬಂದೆ" ಎಂಬಲ್ಲಿ ಕ್ರಿಯೆ ನಾಲ್ಕು, ಪೂರ್ಣವಿರಾಮ ಒಂದೇ. ಏಳು ವರ್ಷದ ಮಗುವಿಗೆ ಸಮಾಪಕ, ಅಸಮಾಪಕ ಎಂಬ ಹೆಸರುಗಳ ಹೊರೆ ಬೇಡ. "ಚಾ ಕುಡದು" ಎಂದಷ್ಟೇ ಹೇಳಿ ಸುಮ್ಮನಾಗಿ ನೋಡಿ. "ಕುಡದು ಏನ್ ಮಾಡಿದ್ರಿ ಸರ್?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಎದುರಿನವರು ಇನ್ನೂ ಕಾಯುತ್ತಿದ್ದಾರೆ ಎಂದರೆ ಚುಕ್ಕಿ ಇಡುವ ಜಾಗ ಬಂದಿಲ್ಲ ಎಂದೇ ಅರ್ಥ. "ಉಸಿರು ನಿಂತಲ್ಲಿ ಚುಕ್ಕಿ ಇಡು" ಎಂದು ಹೇಳಿಕೊಡುವುದಕ್ಕಿಂತ ಇದು ಎಷ್ಟೋ ಮೇಲು. ಓದಲು ಈಗಷ್ಟೇ ಕಲಿಯುತ್ತಿರುವ ಮಗುವಿನ ಉಸಿರು ಪ್ರತಿ ಪದಕ್ಕೂ ನಿಲ್ಲುತ್ತದೆ.

ಇನ್ನೊಂದು ತಪ್ಪು ಪುಸ್ತಕದಿಂದಲೇ ಬರುತ್ತದೆ. ಮೊದಲ ತರಗತಿಗಳಲ್ಲಿ ಸಾಲಿಗೊಂದು ವಾಕ್ಯ ಓದಿದ ಮಗು, ಸಾಲು ಮುಗಿದಲ್ಲೆಲ್ಲ ಚುಕ್ಕಿ ಇಡುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಒಂದೇ ವಾಕ್ಯವನ್ನು ಅಗಲವಾದ ಹಾಳೆಯಲ್ಲಿ ಒಂದು ಸಾಲಾಗಿಯೂ ಕಿರಿದಾದ ಚೀಟಿಯಲ್ಲಿ ಮೂರು ಸಾಲಾಗಿಯೂ ಬರೆಸಿದರೆ, ಚುಕ್ಕಿ ವಾಕ್ಯಕ್ಕೆ ಸೇರಿದ್ದೇ ಹೊರತು ಸಾಲಿಗಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ.

ಈ ಚಿಹ್ನೆಗಳು ಕನ್ನಡಕ್ಕೆ ಹಳೆಯವೇನಲ್ಲ. ತಾಳೆಗರಿಯಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತಿದ್ದವು. ಹೆಚ್ಚೆಂದರೆ ಪದ್ಯದ ಕೊನೆಯಲ್ಲೊಂದು ದಂಡ, ಅಂದರೆ ನಿಂತ ಗೆರೆ, ಇರುತ್ತಿತ್ತು. ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಗರಿಗಳಲ್ಲಿ ಎಡೆಬಿಡದೆ ಹರಿದಿದ್ದ ವಚನಗಳನ್ನು ಬಿಡಿಸಿ ಓದಿ ಅಚ್ಚಿಗೆ ತರುವುದು ಎಂಥ ಕೆಲಸವಾಗಿದ್ದೀತು ಎಂದು ನೆನೆದಾಗ ಗೌರವ ಹೆಚ್ಚುತ್ತದೆ. ಚುಕ್ಕಿ, ಅಲ್ಪವಿರಾಮಗಳು ಅಚ್ಚಿನ ಯುಗದಲ್ಲಿ ಇಂಗ್ಲಿಷಿನಿಂದ ಬಂದು ನಮ್ಮವಾದವು. ಸಂಕೇಶ್ವರ, ಹುಕ್ಕೇರಿ ಕಡೆಯ ಮಕ್ಕಳ ಕಣ್ಣಿಗೆ ಬೀಳುವ ಮರಾಠಿಯಲ್ಲೂ ಈಗ ಚುಕ್ಕಿಯೇ. ಮುಂದೆ ಹಿಂದಿ ಕಲಿಯುವಾಗ ಮಾತ್ರ ಅದರ ಜಾಗದಲ್ಲಿ ನಿಂತ ಗೆರೆ ಎದುರಾಗುತ್ತದೆ. ಅದನ್ನು ಮೊದಲೇ ಹೇಳಿಟ್ಟರೆ ಮಗು ಗೊಂದಲಪಡುವುದಿಲ್ಲ.

ಪ್ರಶ್ನಾರ್ಥಕ ಚಿಹ್ನೆ ಸುಲಭ. "ಊಟ ಆತೇನು?" ಎಂಬಲ್ಲಿ ಪ್ರಶ್ನೆ ಪದದೊಳಗೇ ಇದೆ. "ನಾಳೆ ಸಂತಿ ಐತಿ" ಎಂಬುದರಲ್ಲಿ ಇಲ್ಲ. ಅದನ್ನು ದನಿ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ಹೇಳಿಸಿದರೆ ಚಿಹ್ನೆ ಯಾವ ಕೆಲಸ ಮಾಡುತ್ತದೆ ಎಂಬುದು ತಿಳಿಯುತ್ತದೆ.

ಅಲ್ಪವಿರಾಮಕ್ಕೆ ಹೆಚ್ಚು ಸಮಯ ಕೊಡಬೇಕು. "ಅಕ್ಕ ಕರದಂಟು ತಂದಳು" ಎಂದರೆ ತಂದವಳು ಅಕ್ಕ. "ಅಕ್ಕ, ಕರದಂಟು ತಂದಳು" ಎಂದರೆ ಬೇರೆ ಯಾರೋ ತಂದಿದ್ದಾಳೆ, ಸುದ್ದಿಯನ್ನು ಅಕ್ಕನಿಗೆ ಹೇಳುತ್ತಿದ್ದೇವೆ. ಕರ್ತೃಪದವಿಲ್ಲದೆಯೂ ಕನ್ನಡದ ವಾಕ್ಯ ನಿಲ್ಲುತ್ತದೆ, ಆದ್ದರಿಂದಲೇ ಇಷ್ಟು ಚಿಕ್ಕ ಗುರುತು ಇಷ್ಟು ದೊಡ್ಡ ವ್ಯತ್ಯಾಸ ಮಾಡಬಲ್ಲದು. ಇಬ್ಬರು ಹುಡುಗಿಯರನ್ನು ಎದುರು ನಿಲ್ಲಿಸಿ, ಕೈಗೊಂದು ಪೊಟ್ಟಣ ಕೊಟ್ಟು ಎರಡೂ ವಾಕ್ಯಗಳನ್ನು ಆಡಿಸಿ ತೋರಿಸಬಹುದು.

ಉದ್ಧರಣ ಚಿಹ್ನೆಗೆ ಈ ಸೀಮೆಯ ಪಾರಿಜಾತದಾಟ ಒದಗಿಬರುತ್ತದೆ. ಶ್ರೀಕೃಷ್ಣ ಪಾರಿಜಾತಕ್ಕೆ ಆಟದ ರೂಪ ಕೊಟ್ಟ ತಮ್ಮಣ್ಣ ಮೂಡಲಗಿ ಹತ್ತಿರದ ಕುಲಗೋಡದವನು. ಆ ಆಟದಲ್ಲಿ ಬರುವ ಭಾಗವತ ಮತ್ತು ದೂತಿಯ ಮಾತುಕತೆಯನ್ನು ಮಕ್ಕಳು ಆಡಿ, ಆಮೇಲೆ ಬರೆಯಲಿ. ಬೇರೆಯವರ ಮಾತು ಎಲ್ಲಿ ಮುಗಿಯಿತು ಎಂಬುದನ್ನು ನಮ್ಮ "ಅಂತ", "ಎಂದು" ತೋರಿಸುತ್ತವೆ. ಎಲ್ಲಿ ಶುರುವಾಯಿತು ಎಂದು ಹೇಳುವ ಪದ ಮಾತ್ರ ಕನ್ನಡದಲ್ಲಿಲ್ಲ. "ಬಸು ನಾನು ನಾಳೆ ಬರೂದಿಲ್ಲ ಅಂತ ಹೇಳಿದ" ಎಂಬಲ್ಲಿ ಬಾರದಿರುವವನು ಬಸುವೋ, ಸುದ್ದಿ ತಂದವನೋ? ಆ ಅನುಮಾನ ಮಗುವಿಗೆ ತಾನಾಗಿ ಹುಟ್ಟಿದ ದಿನ ಉದ್ಧರಣ ಚಿಹ್ನೆಯನ್ನು ಕೈಗೆ ಕೊಡಿ. ಅರ್ಧವಿರಾಮವನ್ನು ಹೈಸ್ಕೂಲಿನವರೆಗೆ ಮುಟ್ಟಬೇಕಾಗಿಲ್ಲ.